‘ಮಾತ್ರೆ ತಗೊಂಡಿರಬೇಕು’: ಇಂಗ್ಲಿಷಿನಲ್ಲಿ ‘ಹ್ಯಾವ್’ ಯಾವಾಗ ಬೇಕು, ಎಲ್ಲಿ ಕೂರಿಸಬೇಕು?

ನನ್ನ ತಂಗಿ ನರ್ಸ್. ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಒಂದು ದಿನ ರಾತ್ರಿ ಪಾಳಿ ಮುಗಿಸಿ ಹೊರಡುವ ಮುಂಚೆ ಮುಂದಿನ ಪಾಳಿಯವರಿಗೆ ಒಂದು ಸಾಲು ಬರೆದಿಟ್ಟಳು. ವಾರ್ಡಿನಲ್ಲಿದ್ದ ಒಬ್ಬ ಅಜ್ಜಿ ಬೆಳಗಿನ ಬಿಪಿ ಮಾತ್ರೆಯನ್ನು ತಾವೇ ನುಂಗಿದ ಹಾಗಿತ್ತು. ಸ್ಟ್ರಿಪ್‌ನಲ್ಲಿ ಒಂದು ಮಾತ್ರೆ ಕಡಿಮೆ ಇತ್ತು. ಪಕ್ಕದಲ್ಲಿ ಅರ್ಧ ಲೋಟ ನೀರು ಉಳಿದಿತ್ತು. ತಂಗಿಯ ತಲೆಯಲ್ಲಿದ್ದ ಕನ್ನಡ ಇಷ್ಟೇ: "ಅಜ್ಜಿ ಮಾತ್ರೆ ತಗೊಂಡಿರಬೇಕು." ಅವಳು ಬರೆದ ಇಂಗ್ಲಿಷ್: "ಶೀ ಮಸ್ಟ್ ಟೇಕ್ ದಿ ಟ್ಯಾಬ್ಲೆಟ್."

ಮುಂದಿನ ಪಾಳಿಯವರು ಅದನ್ನು ಓದಿದ್ದು ಹೀಗೆ: ಅಜ್ಜಿಗೆ ಮಾತ್ರೆ ಕೊಡಲೇಬೇಕು. ಇನ್ನೊಂದು ಮಾತ್ರೆ ಕೈಗೆ ತೆಗೆದುಕೊಂಡವರಿಗೆ ಯಾಕೋ ಅನುಮಾನ ಬಂತು. ತಂಗಿಗೆ ಫೋನ್ ಮಾಡಿ ಕೇಳಿದರು. ದೇವರ ದಯೆ, ಏನೂ ಆಗಲಿಲ್ಲ.

ಆ ದಿನ ಸಂಜೆ ಅವಳು ನನಗೆ ಫೋನ್ ಮಾಡಿದಳು. "ಅಕ್ಕಾ, ನಾನು ಬರೆದದ್ದರಲ್ಲಿ ತಪ್ಪೇನು? ‘ಬೇಕು’ ಅಂದ್ರೆ ‘ಮಸ್ಟ್’ ತಾನೇ?"

"‘ಬೇಕು’ ಬಂದಿದೆ ಕಣೇ. ‘ಇರ’ ಎಲ್ಲಿ ಹೋಯ್ತು?" ಅಂದೆ.

ತಗೊಂಡು, ಇರ, ಬೇಕು. ನಡುವಿನ ಆ ಪುಟ್ಟ ‘ಇರ’ ಇದೆಯಲ್ಲ, ಅದೇ ಇಂಗ್ಲಿಷಿನ ‘ಹ್ಯಾವ್’. "ಶೀ ಮಸ್ಟ್ ಹ್ಯಾವ್ ಟೇಕನ್ ದಿ ಟ್ಯಾಬ್ಲೆಟ್." ಅದು ಬಿಟ್ಟುಹೋದರೆ ನಡೆದುಹೋದ ಕೆಲಸ ಇನ್ನು ಮುಂದೆ ಮಾಡಬೇಕಾದ ಕೆಲಸವಾಗಿಬಿಡುತ್ತದೆ.

ಪರ್ಫೆಕ್ಟ್ ಟೆನ್ಸ್ ಅಂದರೆ ನಮಗೆ ಶಾಲೆಯಲ್ಲಿ ಹೇಳಿಕೊಟ್ಟದ್ದು ‘ಹ್ಯಾಸ್ ಗಾನ್, ಹ್ಯಾವ್ ಗಾನ್, ಹ್ಯಾಡ್ ಗಾನ್’. ಆದರೆ ಕೆಲವು ಕ್ರಿಯಾಪದಗಳ ಬೆನ್ನಿಗೆ ಬರುವ ಪರ್ಫೆಕ್ಟ್ ಇದೆಯಲ್ಲ, ‘ಮಸ್ಟ್ ಹ್ಯಾವ್ ಗಾನ್’, ‘ಸೀಮ್ಸ್ ಟು ಹ್ಯಾವ್ ಗಾನ್’, ‘ಡಿನೈಡ್ ಹ್ಯಾವಿಂಗ್ ಗಾನ್’, ಇದನ್ನು ಬೇರೆಯಾಗಿ ಕೂರಿಸಿ ಹೇಳಿಕೊಡುವವರು ಕಡಿಮೆ. ನಿಮ್ಮ ಕನ್ನಡವನ್ನೇ ಹಿಡಿದುಕೊಂಡು ಇದನ್ನು ಕಲಿಯಬಹುದು. ನಾನು ತಂಗಿಗೆ ಹೇಳಿಕೊಟ್ಟ ರೀತಿಯಲ್ಲೇ ಇಲ್ಲಿ ಹೇಳುತ್ತೇನೆ.

ಹೆಜ್ಜೆ 1: ಎರಡು ಸಮಯ ಕೇಳಿಕೊಳ್ಳಿ

ಇಂಥ ವಾಕ್ಯದಲ್ಲಿ ಎರಡು ಕ್ರಿಯೆ ಇರುತ್ತವೆ. ಒಂದು, ನೀವು ಊಹಿಸುವುದು, ಹೇಳುವುದು, ನೆನೆಯುವುದು. ಇನ್ನೊಂದು, ನಿಜವಾಗಿ ನಡೆದ ಕೆಲಸ. ನಡೆದ ಕೆಲಸ ಊಹೆಗಿಂತ ಹಿಂದಿನದಾ, ಅಥವಾ ಅದೇ ಹೊತ್ತಿನದಾ? ಹಿಂದಿನದಾದರೆ ‘ಹ್ಯಾವ್’ ಬೇಕು.

ಬೆಳಿಗ್ಗೆ ಎದ್ದು ಬಾಗಿಲು ತೆಗೆಯುತ್ತೀರಿ. ಅಂಗಳ ಒದ್ದೆಯಾಗಿದೆ. ನಿನ್ನೆ ಬಿಡಿಸಿದ ರಂಗೋಲಿ ಅಳಿಸಿಹೋಗಿದೆ. "ರಾತ್ರಿ ಮಳೆ ಬಂದ ಹಾಗಿದೆ" ಅನ್ನುತ್ತೀರಿ. ಅನ್ನಿಸುವುದು ಈಗ, ಮಳೆ ಬಂದದ್ದು ರಾತ್ರಿ. ಎರಡು ಬೇರೆ ಬೇರೆ ಹೊತ್ತು. "ಇಟ್ ಸೀಮ್ಸ್ ಟು ಹ್ಯಾವ್ ರೇನ್ಡ್ ಲಾಸ್ಟ್ ನೈಟ್." ಅದೇ ನೀವು ಆಕಾಶ ನೋಡಿ "ಮಳೆ ಬರೋ ಹಾಗಿದೆ" ಅಂದರೆ ಅಲ್ಲಿ ‘ಹ್ಯಾವ್’ಗೆ ಜಾಗವೇ ಇಲ್ಲ. "ಇಟ್ ಈಸ್ ಗೋಯಿಂಗ್ ಟು ರೇನ್."

‘ಬಂದ ಹಾಗಿದೆ’, ‘ಬರೋ ಹಾಗಿದೆ’. ಈ ವ್ಯತ್ಯಾಸ ನಮ್ಮ ಮನೆಯ ಮೂರು ವರ್ಷದ ಮಗುವಿಗೂ ಗೊತ್ತು. ನೀವು ಹೊಸದಾಗಿ ಕಲಿಯಬೇಕಾದದ್ದು ಅರ್ಥವನ್ನಲ್ಲ. ಅದನ್ನು ಇಂಗ್ಲಿಷಿನಲ್ಲಿ ಎಲ್ಲಿ ಇಡಬೇಕು ಅನ್ನುವುದನ್ನು ಮಾತ್ರ.

ಹೆಜ್ಜೆ 2: ಕಟ್ಟುವುದು ಹೇಗೆ

ಕಟ್ಟುವುದು ಸುಲಭ. ‘ಹ್ಯಾವ್’, ಆಮೇಲೆ ಕ್ರಿಯಾಪದದ ಮೂರನೇ ರೂಪ. ಶಾಲೆಯಲ್ಲಿ ವಿ1, ವಿ2, ವಿ3 ಅಂತ ಬಾಯಿಪಾಠ ಮಾಡಿದ್ದೆವಲ್ಲ, ಆ ವಿ3. ಗೋ, ವೆಂಟ್, ಗಾನ್. ಟೇಕ್, ಟುಕ್, ಟೇಕನ್. ಹಾಗಾಗಿ ‘ಕುಡ್ ಹ್ಯಾವ್ ವೆಂಟ್’ ತಪ್ಪು, ‘ಕುಡ್ ಹ್ಯಾವ್ ಗಾನ್’ ಸರಿ.

‘ಹ್ಯಾವಿಂಗ್’ ವಿಷಯ ಐದನೇ ಹೆಜ್ಜೆಗೆ ಇಡೋಣ. ಉಳಿದ ಕಡೆ ‘ಹ್ಯಾವ್’ ಯಾವತ್ತೂ ಬದಲಾಗುವುದಿಲ್ಲ. ಅವನು, ಅವಳು, ಅವರು, ನಾನು, ಯಾರೇ ಇರಲಿ, ‘ಹ್ಯಾವ್’ ‘ಹ್ಯಾವ್’ ಆಗಿಯೇ ಉಳಿಯುತ್ತದೆ. ‘ಹಿ ಮಸ್ಟ್ ಹ್ಯಾಸ್ ಗಾನ್’ ಇಲ್ಲ. ‘ಶಿ ಸೀಮ್ಸ್ ಟು ಹ್ಯಾಡ್ ಗಾನ್’ ಕೂಡ ಇಲ್ಲ. ಕಾಲ ಬದಲಾಗಬೇಕಾದರೆ ಅದಕ್ಕಿಂತ ಮೊದಲು ಬರುವ ಪದ ಬದಲಾಗುತ್ತದೆ. ‘ಸೀಮ್ಸ್ ಟು ಹ್ಯಾವ್ ಫರ್ಗಾಟನ್’ ಅಂದರೆ ಮರೆತ ಹಾಗಿದೆ. ‘ಸೀಮ್ಡ್ ಟು ಹ್ಯಾವ್ ಫರ್ಗಾಟನ್’ ಅಂದರೆ ಮರೆತ ಹಾಗಿತ್ತು. ‘ಟು ಹ್ಯಾವ್ ಫರ್ಗಾಟನ್’ ಅನ್ನುವ ತುಂಡು ಅಲ್ಲಾಡಲಿಲ್ಲ ನೋಡಿ.

ಯಾರೋ ಮಾಡಿದ್ದು ಅನ್ನುವ ಬದಲು ‘ಆಗಿದ್ದು’ ಅನ್ನಬೇಕಾದರೆ ನಡುವೆ ‘ಬೀನ್’ ಸೇರಿಸಿ. "ಫೋನ್ ಕಳವಾಗಿರೋ ಹಾಗಿದೆ" ಅನ್ನುವುದು "ದಿ ಫೋನ್ ಸೀಮ್ಸ್ ಟು ಹ್ಯಾವ್ ಬೀನ್ ಸ್ಟೋಲನ್" ಆಗುತ್ತದೆ. ಕೆಲಸ ಬಹಳ ಹೊತ್ತಿನಿಂದ ನಡೆಯುತ್ತಿತ್ತು ಅನ್ನುವುದಕ್ಕೂ ‘ಬೀನ್’ ಬೇಕು, ಜೊತೆಗೆ ‘ಇಂಗ್’. "ಪಾಪ, ಅವರು ಒಂದು ಗಂಟೆಯಿಂದ ಕಾಯ್ತಾ ಇದ್ದಿರಬೇಕು" ಅನ್ನುವುದು "ದೇ ಮಸ್ಟ್ ಹ್ಯಾವ್ ಬೀನ್ ವೇಟಿಂಗ್ ಫಾರ್ ಆನ್ ಅವರ್."

‘ಹ್ಯಾವ್ ಹ್ಯಾಡ್’ ಕಂಡರೆ ತುಂಬಾ ಜನ ಹೆದರುತ್ತಾರೆ. ಎರಡು ಸಲ ಯಾಕೆ ಬಂತು, ಬೆರಳು ತಪ್ಪಿತಾ ಅಂತ ಒಂದನ್ನು ಅಳಿಸಿಬಿಡುತ್ತಾರೆ. ತಪ್ಪಿಲ್ಲ. ‘ಹ್ಯಾವ್’ ಅನ್ನುವ ಕ್ರಿಯಾಪದದ ವಿ3 ‘ಹ್ಯಾಡ್’. "ಅವರದ್ದು ಊಟ ಆಗಿರಬೇಕು" ಅಂತ ದಿನಾ ಹೇಳುತ್ತೇವಲ್ಲ, ಅದು "ದೇ ಮಸ್ಟ್ ಹ್ಯಾವ್ ಹ್ಯಾಡ್ ಲಂಚ್."

ಇನ್ನೊಂದು ಕಡೆ ಕಣ್ಣು ಮೋಸ ಮಾಡುತ್ತದೆ. "ಶೀ ಸೀಮ್ಸ್ ಟು ಹ್ಯಾವ್ ಎ ಫೀವರ್." ಇದು ಪರ್ಫೆಕ್ಟ್ ಅಲ್ಲ. ಅವಳಿಗೆ ಜ್ವರ ಇರುವ ಹಾಗಿದೆ, ಅಷ್ಟೇ. ‘ಹ್ಯಾವ್’ ಆದಮೇಲೆ ವಿ3 ಬಂತಾ, ವಸ್ತುವಿನ ಹೆಸರು ಬಂತಾ ನೋಡಿ. ವಿ3 ಬಂದರೆ ಮಾತ್ರ ಹಿಂದೆ ನಡೆದ ಕೆಲಸ.

ಕಿವಿಗೂ ಇದು ಸುಲಭಕ್ಕೆ ಸಿಗುವುದಿಲ್ಲ. ಇಂಗ್ಲಿಷಿನವರು ಮಾತಾಡುವಾಗ ಈ ‘ಹ್ಯಾವ್’ ಅನ್ನು ನುಂಗಿಬಿಡುತ್ತಾರೆ. ‘ಶುಡ್ ಹ್ಯಾವ್’ ಅನ್ನುವುದು ‘ಶುಡವ್’ ಅಂತ ಕೇಳುತ್ತದೆ. ಕೇಳಿದ್ದನ್ನು ಹಾಗೇ ಬರೆಯಲು ಹೋಗಿ ‘ಶುಡ್ ಆಫ್’ ಅಂತ ಬರೆಯುವವರು ಆ ದೇಶಗಳಲ್ಲೂ ಇದ್ದಾರೆ. ನೀವು ಹಾಗೆ ಬರೆಯಬೇಡಿ.

ಹೆಜ್ಜೆ 3: ಮಸ್ಟ್, ಮೇ, ಕುಡ್, ಶುಡ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಕನ್ನಡದಲ್ಲಿ ಈ ‘ಇರು’ ಎರಡು ಜಾಗದಲ್ಲಿ ಬಂದು ಕೂರುತ್ತದೆ. ‘ಹೋಗಿರಬೇಕು’ ಅನ್ನುವಾಗ ‘ಬೇಕು’ಗಿಂತ ಮುಂಚೆ. ‘ಹೋಗಬೇಕಿತ್ತು’ ಅನ್ನುವಾಗ ‘ಬೇಕು’ ಆದಮೇಲೆ. ಜಾಗ ಬದಲಾದ ಕೂಡಲೇ ಅರ್ಥವೂ ಬದಲಾಗುತ್ತದೆ. ಮೊದಲನೆಯದು ಊಹೆ: ಹೋಗಿದ್ದಾನೆ ಅಂತ ನನಗನ್ನಿಸುತ್ತದೆ. ಎರಡನೆಯದು ತಪ್ಪಿಹೋದದ್ದು: ಹೋಗಬೇಕಿತ್ತು, ಆದರೆ ಹೋಗಲಿಲ್ಲ. ‘ಬಹುದು’ ಕೂಡ ಹೀಗೇ. ‘ಹೋಗಿರಬಹುದು’ ಊಹೆ. ‘ಹೋಗಬಹುದಿತ್ತು’ ಅಂದರೆ ಅವಕಾಶ ಇತ್ತು, ಹೋಗಲಿಲ್ಲ.

ಇಂಗ್ಲಿಷಿಗೆ ಈ ಸೌಕರ್ಯ ಇಲ್ಲ. ನಾವು ‘ಬೇಕು’ ಅನ್ನು ‘ಬೇಕಿತ್ತು’ ಮಾಡುವ ಹಾಗೆ ಅವರು ‘ಶುಡ್’ ಅನ್ನು ಭೂತಕಾಲಕ್ಕೆ ತಿರುಗಿಸಲು ಆಗುವುದಿಲ್ಲ. ಅದಕ್ಕೇ ಹಿಂದಿನ ಕಾಲದ ಭಾರವನ್ನೆಲ್ಲ ಆಮೇಲೆ ಬರುವ ಕ್ರಿಯಾಪದದ ಮೇಲೆ ಹಾಕುತ್ತಾರೆ. ಎರಡೂ ಅರ್ಥಕ್ಕೆ ಅದೇ ‘ಹ್ಯಾವ್ ಗಾನ್’. ಯಾವ ಅರ್ಥ ಅನ್ನುವುದನ್ನು ಅದಕ್ಕಿಂತ ಮೊದಲು ಬರುವ ಪದ ಹೇಳುತ್ತದೆ. ಆ ಪದವನ್ನು ಆರಿಸುವುದೇ ನಿಮ್ಮ ಕೆಲಸ.

ಊಹೆ ಆದರೆ ‘ಮಸ್ಟ್’, ‘ಮೇ’, ‘ಮೈಟ್’, ‘ಕಾಂಟ್’. ನಿಮಗೆ ಎಷ್ಟು ನಂಬಿಕೆ ಇದೆ ಅನ್ನುವುದರ ಮೇಲೆ ಆರಿಸಿ. ಬಹುತೇಕ ಖಾತ್ರಿ ಇದ್ದರೆ ‘ಮಸ್ಟ್ ಹ್ಯಾವ್’: ಹೋಗಿರಬೇಕು. ಇರಲೂಬಹುದು ಅನ್ನಿಸಿದರೆ ‘ಮೇ ಹ್ಯಾವ್’, ‘ಮೈಟ್ ಹ್ಯಾವ್’: ಹೋಗಿರಬಹುದು. ಸಾಧ್ಯವೇ ಇಲ್ಲ ಅನ್ನಿಸಿದರೆ ‘ಕಾಂಟ್ ಹ್ಯಾವ್’: ಹೋಗಿರೋಕೆ ಸಾಧ್ಯ ಇಲ್ಲ. ‘ಹೋಗಿರಬೇಕು’ ಅನ್ನುವುದರ ಎದುರು ಮಾತು ‘ಮಸ್ಟ್ ನಾಟ್ ಹ್ಯಾವ್’ ಅಂತ ಬರೆಯುವವರೇ ಹೆಚ್ಚು. ಅದು ಪೂರ್ತಿ ತಪ್ಪಲ್ಲ, ಬಳಕೆಯಲ್ಲೂ ಇದೆ. ಆದರೆ ‘ಸಾಧ್ಯವೇ ಇಲ್ಲ’ ಅಂತ ಗಟ್ಟಿಯಾಗಿ ಹೇಳಬೇಕಾದಾಗ ‘ಕಾಂಟ್ ಹ್ಯಾವ್’ ಇಡಿ.

ತಪ್ಪಿಹೋದದ್ದು ಆದರೆ ‘ಶುಡ್’, ‘ಕುಡ್’. ‘ಹೇಳಬೇಕಿತ್ತು’ ಅಂದರೆ ‘ಶುಡ್ ಹ್ಯಾವ್ ಟೋಲ್ಡ್’. ‘ಹೇಳಬಾರದಿತ್ತು’ ಅಂದರೆ ‘ಶುಡ್ನ್ಟ್ ಹ್ಯಾವ್ ಟೋಲ್ಡ್’. ‘ಕೇಳಬಹುದಿತ್ತು’ ಅಂದರೆ ‘ಕುಡ್ ಹ್ಯಾವ್ ಆಸ್ಕ್ಡ್’.

‘ಬಹುದು’ ವಿಷಯದಲ್ಲಿ ಒಂದು ಎಚ್ಚರ. ಬೈಕ್ ಅಪಘಾತ ಆಗಿದೆ ಅಂದುಕೊಳ್ಳಿ. ಹುಡುಗ ಉಳಿದಿದ್ದಾನೆ. ದೂರದಲ್ಲಿರುವ ಅವನ ಮಾವನಿಗೆ ನೀವು ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸುತ್ತಿದ್ದೀರಿ. "ಪ್ರಾಣವೇ ಹೋಗಬಹುದಿತ್ತು" ಅನ್ನುವುದು ನಿಮ್ಮ ಮನಸ್ಸಿನ ಮಾತು. "ಹಿ ಕುಡ್ ಹ್ಯಾವ್ ಡೈಡ್" ಅಂತ ಬರೆದರೆ ಸರಿ: ಗಂಡಾಂತರ ತಪ್ಪಿತು. "ಹಿ ಮೇ ಹ್ಯಾವ್ ಡೈಡ್" ಅಂತ ಬರೆದರೆ ಓದಿದವರಿಗೆ ಕೇಳುವುದು "ಸತ್ತಿರಬಹುದು" ಅಂತ. ಬದುಕಿದ್ದಾನಾ ಇಲ್ಲವಾ ಗೊತ್ತಿಲ್ಲ ಅನ್ನುವ ಹಾಗೆ. ಒಂದೇ ಪದ, ಆ ಮನೆಯವರ ಎದೆ ಒಡೆದುಹೋಗುತ್ತದೆ. ತಪ್ಪಿಹೋದದ್ದಕ್ಕೆ ‘ಮೇ’ ಬಳಸಬೇಡಿ. ‘ಕುಡ್’ ಅಥವಾ ‘ಮೈಟ್’ ಬಳಸಿ.

ಈಗ ಕನ್ನಡವೇ ನಮ್ಮನ್ನು ಗೊಂದಲಕ್ಕೆ ಹಾಕುವ ಜಾಗ. ‘ಹೋಗಬೇಕಿತ್ತು’ ಅನ್ನುವುದಕ್ಕೆ ಯಾವಾಗಲೂ ಒಂದೇ ಅರ್ಥ ಇಲ್ಲ. "ಮದುವೆಗೆ ನಾನೂ ಹೋಗಬೇಕಿತ್ತು" ಅಂದರೆ ಹೋಗಲಿಲ್ಲ, ಬೇಜಾರಿದೆ. ಅದು ‘ಶುಡ್ ಹ್ಯಾವ್ ಗಾನ್’. ಆದರೆ "ನಿನ್ನೆ ಬೇಗ ಹೊರಟೆ, ಬ್ಯಾಂಕಿಗೆ ಹೋಗಬೇಕಿತ್ತು" ಅಂದರೆ ಬ್ಯಾಂಕಿನಲ್ಲಿ ಕೆಲಸ ಇತ್ತು, ಅದಕ್ಕೇ ಹೊರಟೆ. ಅಲ್ಲಿ ‘ಹ್ಯಾಡ್ ಟು ಗೋ’. ಆಫೀಸಿನ ಮೇಲ್‌ನಲ್ಲಿ "ಐ ಶುಡ್ ಹ್ಯಾವ್ ಗಾನ್ ಟು ದಿ ಬ್ಯಾಂಕ್" ಅಂತ ಬರೆದರೆ, ನೀವು ಹೋಗಲೇ ಇಲ್ಲ ಅಂತ ಮೇಲಿನವರು ತಿಳಿದುಕೊಳ್ಳುತ್ತಾರೆ. ಮಾಡಿದ ಕೆಲಸ ಮಾಡಿಲ್ಲ ಅಂತ ಆಗುತ್ತದೆ. ಅದಕ್ಕೇ ‘ಬೇಕಿತ್ತು’ ಬಂದಾಗಲೆಲ್ಲ ನಿಮ್ಮನ್ನೇ ಕೇಳಿಕೊಳ್ಳಿ: ಹೋದೆನಾ, ಇಲ್ವಾ? ಹೋಗಲಿಲ್ಲ ಅಂದರೆ ‘ಶುಡ್ ಹ್ಯಾವ್’. ಹೋದೆ ಅಂದರೆ ‘ಹ್ಯಾಡ್ ಟು’. ಕನ್ನಡದಲ್ಲಿ ‘ಹೋಗಬೇಕಾಯ್ತು’ ಅಂತ ಬದಲಿಸಿ ನೋಡಿ. ಅರ್ಥ ಕೆಡದೆ ಕೂತರೆ ಅದು ‘ಹ್ಯಾಡ್ ಟು’.

‘ಹೋಗಿರಬೇಕು’ಗೂ ಎರಡನೇ ಅರ್ಥ ಇದೆ. ಕೆಲಸದ ಜಾಹೀರಾತಿನಲ್ಲಿ "ಅಭ್ಯರ್ಥಿ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು" ಅಂತ ಇರುತ್ತದೆ. ಅದು ಊಹೆಯಲ್ಲ, ಷರತ್ತು. ಖುಷಿಯ ವಿಷಯ ಏನೆಂದರೆ ಇಂಗ್ಲಿಷಿನಲ್ಲೂ ಅದು ಹಾಗೇ ಬರುತ್ತದೆ: "ದಿ ಕ್ಯಾಂಡಿಡೇಟ್ ಮಸ್ಟ್ ಹ್ಯಾವ್ ಪಾಸ್ಡ್ ಎಸ್‌ಎಸ್‌ಎಲ್‌ಸಿ." ಎರಡು ಭಾಷೆ ಒಂದೇ ದಾರಿ ಹಿಡಿದಿವೆ. ಆದರೆ "ನಾಳೆ 10 ಗಂಟೆಗೆ ಇಲ್ಲಿಗೆ ಬಂದಿರಬೇಕು" ಅಂತ ಯಾರಿಗಾದರೂ ಹೇಳುವಾಗ "ಯು ಮಸ್ಟ್ ಬಿ ಹಿಯರ್ ಬೈ ಟೆನ್" ಅಂದರೆ ಸಾಕು.

ಮನೆಗೆ ಬಂದ ನೆಂಟರು ಹಣ್ಣು, ಸ್ವೀಟು, ಹೂವು ಎಲ್ಲಾ ಹೊತ್ತು ತಂದಿದ್ದಾರೆ. "ಇಷ್ಟೆಲ್ಲ ಯಾಕೆ ತಂದ್ರಿ, ತರಬೇಕಾಗಿರಲಿಲ್ಲ" ಅನ್ನುತ್ತೇವೆ. ತಂದಾಗಿದೆ, ಅಗತ್ಯ ಇರಲಿಲ್ಲ. ಇದಕ್ಕೆ ಹೇಳಿ ಮಾಡಿಸಿದ ಮಾತು "ಯು ನೀಡ್ನ್ಟ್ ಹ್ಯಾವ್ ಬ್ರಾಟ್ ಆಲ್ ದಿಸ್." ‘ಡಿಡ್ನ್ಟ್ ನೀಡ್ ಟು ಬ್ರಿಂಗ್’ ಅಂದರೆ ಅಗತ್ಯ ಇರಲಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ತಂದರಾ ಇಲ್ಲವಾ ಅದು ಹೇಳುವುದಿಲ್ಲ.

‘ವುಡ್ ಹ್ಯಾವ್’ ಬಗ್ಗೆ ಒಂದೇ ಮಾತು. "ಕರೆದಿದ್ರೆ ಬರ್ತಿದ್ದೆ" ಅನ್ನುವ ‘ಬರ್ತಿದ್ದೆ’ಯನ್ನು ‘ಐ ವಾಸ್ ಕಮಿಂಗ್’ ಮಾಡಬೇಡಿ. "ಐ ವುಡ್ ಹ್ಯಾವ್ ಕಮ್ ಇಫ್ ಯು ಹ್ಯಾಡ್ ಕಾಲ್ಡ್ ಮಿ." ‘ಇಫ್’ ಪಕ್ಕದಲ್ಲಿ ‘ಹ್ಯಾಡ್’, ಇನ್ನೊಂದು ಕಡೆ ‘ವುಡ್ ಹ್ಯಾವ್’.

ಹೆಜ್ಜೆ 4: ‘ಎನ್ನಲಾಗಿದೆ’ ಅನ್ನುವ ಕಡೆ

‘ಸೀಮ್’ ನೋಡಿದೆವು. ‘ಅಪಿಯರ್’ ಕೂಡ ಹಾಗೇ ನಡೆಯುತ್ತದೆ, ಸ್ವಲ್ಪ ಬಿಗಿಯಾದ ಮಾತು, ವರದಿಗೆ ಒಗ್ಗುತ್ತದೆ. ‘ಪ್ರಿಟೆಂಡ್’ ಅಂದರೆ ನಟಿಸುವುದು. "ಮರೆತವನ ಹಾಗೆ ನಟಿಸಿದ" ಅನ್ನುವುದು ‘ಪ್ರಿಟೆಂಡೆಡ್ ಟು ಹ್ಯಾವ್ ಫರ್ಗಾಟನ್’. "ನಿದ್ದೆ ಮಾಡ್ತಿರೋ ಹಾಗೆ ನಟಿಸಿದ" ಅನ್ನುವುದು ‘ಪ್ರಿಟೆಂಡೆಡ್ ಟು ಬಿ ಸ್ಲೀಪಿಂಗ್’. ಮರೆತದ್ದು ನಟನೆಗಿಂತ ಹಿಂದಿನದು, ನಿದ್ದೆ ನಟನೆಯ ಹೊತ್ತಿನದೇ. ಮತ್ತೆ ಅದೇ ಎರಡು ಸಮಯದ ಪ್ರಶ್ನೆ.

‘ಕ್ಲೇಮ್’ ಅನ್ನು ಎಚ್ಚರದಿಂದ ಬಳಸಿ. "ಶೀ ಕ್ಲೇಮ್ಸ್ ಟು ಹ್ಯಾವ್ ಟೇಕನ್ ದಿ ಟ್ಯಾಬ್ಲೆಟ್" ಅಂದರೆ ವ್ಯಾಕರಣ ಸರಿ. ಆದರೆ ಅದರಲ್ಲಿ "ತಗೊಂಡಿದ್ದೀನಿ ಅಂತಾರೆ, ನನಗೇನೋ ನಂಬಿಕೆ ಇಲ್ಲ" ಅನ್ನುವ ಧ್ವನಿ ಇದೆ. ಕಾಯಿಲೆಯಲ್ಲಿ ಮಲಗಿರುವ ಅಜ್ಜಿಯ ಬಗ್ಗೆ ಹಾಗೆ ಬರೆಯುವುದು ಸರಿಯಲ್ಲ. "ಶೀ ಸೇಸ್ ಶೀ ಹ್ಯಾಸ್ ಟೇಕನ್ ಇಟ್" ಅಂದರೆ ಗೌರವವೂ ಉಳಿಯುತ್ತದೆ, ಮಾತೂ ನೇರ.

ಪತ್ರಿಕೆ ಓದುವವರಿಗೆ ‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತದೆ’, ‘ಆರೋಪ ಕೇಳಿಬಂದಿದೆ’ ಇವೆಲ್ಲ ದಿನಾ ಸಿಗುವ ಮಾತು. ಇಂಗ್ಲಿಷಿನಲ್ಲಿ ಇವಕ್ಕೆ ‘ಈಸ್ ಸೆಡ್ ಟು ಹ್ಯಾವ್’, ‘ಈಸ್ ಬಿಲೀವ್ಡ್ ಟು ಹ್ಯಾವ್’, ‘ಈಸ್ ಅಲೆಜ್ಡ್ ಟು ಹ್ಯಾವ್’. "ಆತ ಹಣ ತೆಗೆದುಕೊಂಡಿದ್ದಾನೆ ಎನ್ನಲಾಗಿದೆ" ಅನ್ನುವುದು "ಹಿ ಈಸ್ ಅಲೆಜ್ಡ್ ಟು ಹ್ಯಾವ್ ಟೇಕನ್ ದಿ ಮನಿ." ಇದು ಬರೀ ಅಲಂಕಾರ ಅಲ್ಲ. ಸಾಬೀತಾಗದ ವಿಷಯವನ್ನು ‘ಹಿ ಟುಕ್ ದಿ ಮನಿ’ ಅಂತ ಬರೆದುಬಿಟ್ಟರೆ ಒಬ್ಬ ಮನುಷ್ಯನ ಮೇಲೆ ತೀರ್ಪು ಕೊಟ್ಟ ಹಾಗೆ.

ನಮಗೆಲ್ಲ ಗೊತ್ತಿರುವ ಕಥೆಯೊಂದನ್ನೇ ತೆಗೆದುಕೊಳ್ಳಿ. ಹೊಯ್ಸಳರ ದೊರೆ ಇಮ್ಮಡಿ ವೀರ ಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಊರಿಗೆ ಬೆಂದಕಾಳೂರು ಅಂತ ಹೆಸರಿಟ್ಟ. ಇದು ಜನ ಹೇಳಿಕೊಂಡು ಬಂದದ್ದು. ಹಾಗಾಗಿ ಇಂಗ್ಲಿಷಿನಲ್ಲಿ "ವೀರ ಬಲ್ಲಾಳ ಈಸ್ ಸೆಡ್ ಟು ಹ್ಯಾವ್ ನೇಮ್ಡ್ ದಿ ಟೌನ್" ಅಂತ ಬರೆಯಬೇಕು. ‘ನೇಮ್ಡ್ ದಿ ಟೌನ್’ ಅಂತ ನೇರವಾಗಿ ಬರೆದರೆ ಇತಿಹಾಸ ಅಂದ ಹಾಗಾಗುತ್ತದೆ. ಆದರೆ ಬೆಂಗಳೂರಿನ ಬೇಗೂರಿನಲ್ಲಿ ಒಂದು ವೀರಗಲ್ಲು ಇದೆ. ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ ಬೆಂಗಳೂರಿನ ಕಾಳಗ ಅಂತ ಊರಿನ ಹೆಸರೇ ಬರುತ್ತದೆ. ಇಮ್ಮಡಿ ವೀರ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನು ಹುಟ್ಟುವುದಕ್ಕೂ ಎಷ್ಟೋ ಮುಂಚೆ ಆ ಹೆಸರು ಕಲ್ಲಿನ ಮೇಲಿತ್ತು. ಈಗ ಮೂರನೇ ಹೆಜ್ಜೆಯಲ್ಲಿ ಕಲಿತದ್ದನ್ನು ತನ್ನಿ. "ದಿ ನೇಮ್ ಕಾಂಟ್ ಹ್ಯಾವ್ ಕಮ್ ಫ್ರಮ್ ವೀರ ಬಲ್ಲಾಳ." ಆ ಹೆಸರು ಅವನಿಂದ ಬಂದಿರೋಕೆ ಸಾಧ್ಯ ಇಲ್ಲ. ಒಂದು ವಾಕ್ಯ ಜನರ ಮಾತನ್ನು ಹೇಳಿತು, ಇನ್ನೊಂದು ಕಲ್ಲನ್ನು ಓದಿ ತೀರ್ಮಾನ ಹೇಳಿತು. ಎರಡರಲ್ಲೂ ‘ಹ್ಯಾವ್’ ಇದೆ. ನನಗೆ ಈ ಜೋಡಿ ತುಂಬಾ ಇಷ್ಟ, ಪಾಠ ಹೇಳುವಾಗೆಲ್ಲ ಇದನ್ನೇ ಬರೆಸುತ್ತೇನೆ.

ಹೆಜ್ಜೆ 5: ‘ಇಂಗ್’ ಕೇಳುವ ಕ್ರಿಯಾಪದಗಳು

‘ಅಡ್ಮಿಟ್’, ‘ಡಿನೈ’, ‘ರಿಗ್ರೆಟ್’, ‘ರಿಮೆಂಬರ್’. ಇವುಗಳ ಬೆನ್ನಿಗೆ ‘ಟು ಹ್ಯಾವ್’ ಅಲ್ಲ, ‘ಹ್ಯಾವಿಂಗ್’ ಬರುತ್ತದೆ. "ಹಿ ಡಿನೈಡ್ ಹ್ಯಾವಿಂಗ್ ಟೇಕನ್ ದಿ ಮನಿ." ಆದರೆ ಇಲ್ಲಿ ಒಂದು ನೆಮ್ಮದಿ ಇದೆ. "ಹಿ ಡಿನೈಡ್ ಟೇಕಿಂಗ್ ದಿ ಮನಿ" ಅಂದರೂ ಅದೇ ಅರ್ಥ. ಒಪ್ಪಿಕೊಳ್ಳುವುದು, ಪಶ್ಚಾತ್ತಾಪ ಪಡುವುದು ಇವೆಲ್ಲ ಸಾಮಾನ್ಯವಾಗಿ ಹಿಂದೆ ನಡೆದದ್ದರ ಬಗ್ಗೆಯೇ ಅಲ್ವಾ? ಕ್ರಿಯಾಪದವೇ ಹಿಂದೆ ತಿರುಗಿ ನೋಡುತ್ತಿರುವಾಗ ‘ಹ್ಯಾವಿಂಗ್’ ಬಿಟ್ಟರೂ ಯಾರಿಗೂ ಗೊಂದಲ ಆಗುವುದಿಲ್ಲ. ಮಾತಿನಲ್ಲಿ ಚಿಕ್ಕದನ್ನೇ ಬಳಸಿ. ‘ಹ್ಯಾವಿಂಗ್’ ಅನ್ನು ಪತ್ರಕ್ಕೆ, ವರದಿಗೆ ಇಟ್ಟುಕೊಳ್ಳಿ.

‘ರಿಮೆಂಬರ್’ ಮಾತ್ರ ಸ್ವಲ್ಪ ನಿಂತು ನೋಡಬೇಕು. ಬಸ್ ಹತ್ತಿ ಕೂತಿದ್ದೀರಿ. ತಲೆಯೊಳಗೆ ಹುಳ: ಬಾಗಿಲಿಗೆ ಬೀಗ ಹಾಕಿದೆನಾ? ಬೀಗದ ಕೈ ತಿರುಗಿಸಿದ ಸದ್ದು ನೆನಪಾಗುತ್ತದೆ. "ಬೀಗ ಹಾಕಿದ್ದು ನೆನಪಿದೆ." ಇದು "ಐ ರಿಮೆಂಬರ್ ಲಾಕಿಂಗ್ ದಿ ಡೋರ್", ಬೇಕಾದರೆ ‘ಹ್ಯಾವಿಂಗ್ ಲಾಕ್ಡ್’. ಹೊರಡುವ ಮುಂಚೆ ಅಮ್ಮ ಹೇಳಿದ್ದು ಬೇರೆ: "ಬೀಗ ಹಾಕೋದು ನೆನಪಿರಲಿ." ಅದು "ರಿಮೆಂಬರ್ ಟು ಲಾಕ್ ದಿ ಡೋರ್." ‘ಹಾಕಿದ್ದು’ ಅಂದರೆ ‘ಇಂಗ್’, ‘ಹಾಕೋದು’ ಅಂದರೆ ‘ಟು’. ಕನ್ನಡದ ಈ ಎರಡು ರೂಪವನ್ನು ಜೋರಾಗಿ ಹೇಳಿ ನೋಡಿ, ಇಂಗ್ಲಿಷ್ ತಾನಾಗಿ ಕೂರುತ್ತದೆ.

‘ರಿಗ್ರೆಟ್’ ಕೂಡ ಹೀಗೇ ಎರಡು ಕಡೆ ಹೋಗುತ್ತದೆ. ಅರ್ಜಿ ತಿರಸ್ಕರಿಸುವ ಪತ್ರದಲ್ಲಿ ಬರುವ "ವಿ ರಿಗ್ರೆಟ್ ಟು ಇನ್ಫಾರ್ಮ್ ಯು" ಅಂದರೆ ಈಗ ತಿಳಿಸಬೇಕಾಗಿದೆಯಲ್ಲ ಅಂತ ವಿಷಾದ. "ಐ ರಿಗ್ರೆಟ್ ಹ್ಯಾವಿಂಗ್ ಇನ್ಫಾರ್ಮ್ಡ್ ಯು" ಅಂದರೆ ನಿಮಗೆ ತಿಳಿಸಿ ತಪ್ಪು ಮಾಡಿದೆ ಅಂತ.

ಹೆಜ್ಜೆ 6: ಎಲ್ಲಿ ಕೈ ಬಿಡಬೇಕು

ಎಲ್ಲಾ ಕಡೆ ‘ಹ್ಯಾವ್’ ತುರುಕಬೇಡಿ. ‘ವಾಂಟ್’, ‘ಡಿಸೈಡ್’, ‘ಟ್ರೈ’, ‘ಮ್ಯಾನೇಜ್’, ‘ರೆಫ್ಯೂಸ್’ ಇವೆಲ್ಲ ಮುಂದೆ ನೋಡುವ, ಇಲ್ಲವೇ ಆ ಹೊತ್ತಿಗೇ ನಡೆಯುವ ಕೆಲಸದ ಪದಗಳು. "ಕೊನೆಗೂ ಮುಗಿಸಿದೆ" ಅನ್ನುವುದಕ್ಕೆ ‘ಐ ಮ್ಯಾನೇಜ್ಡ್ ಟು ಫಿನಿಶ್’ ಸಾಕು. ‘ಮ್ಯಾನೇಜ್ಡ್ ಟು ಹ್ಯಾವ್ ಫಿನಿಶ್ಡ್’ ಬೇಡ. ‘ಹೋಪ್’ ಮತ್ತು ‘ಎಕ್ಸ್‌ಪೆಕ್ಟ್’ ಜೊತೆ ಮಾತ್ರ ಒಂದು ಗಡುವು ಇದ್ದಾಗ ಚೆನ್ನಾಗಿ ಕೂರುತ್ತದೆ. "ಶುಕ್ರವಾರದೊಳಗೆ ಮುಗಿಸಿರ್ತೀನಿ ಅಂದುಕೊಂಡಿದ್ದೀನಿ" ಅನ್ನುವುದು "ಐ ಹೋಪ್ ಟು ಹ್ಯಾವ್ ಫಿನಿಶ್ಡ್ ಬೈ ಫ್ರೈಡೇ." ‘ಮುಗಿಸಿರ್ತೀನಿ’ಯಲ್ಲೂ ಆ ‘ಇರ್’ ಇಣುಕುತ್ತಿದೆ ನೋಡಿ.

"ಅವರನ್ನು ಭೇಟಿ ಆಗಬೇಕಿತ್ತು, ಆಸೆ ಇತ್ತು" ಅನ್ನುವಾಗ ಕೆಲವರು ‘ಐ ವುಡ್ ಹ್ಯಾವ್ ಲೈಕ್ಡ್ ಟು ಹ್ಯಾವ್ ಮೆಟ್ ಹಿಮ್’ ಅಂತ ಎರಡು ಸಲ ‘ಹ್ಯಾವ್’ ಹಾಕುತ್ತಾರೆ. ಒಂದು ಸಾಕು. ‘ವುಡ್ ಹ್ಯಾವ್ ಲೈಕ್ಡ್ ಟು ಮೀಟ್’ ಅನ್ನುವುದೇ ಚೊಕ್ಕ. ಯಾರನ್ನಾದರೂ ಕಾಯಿಸಿದಾಗ ಹೇಳುವ "ಸಾರಿ ಟು ಹ್ಯಾವ್ ಕೆಪ್ಟ್ ಯು ವೇಟಿಂಗ್" ಹಾಗೇ ಬಾಯಿಪಾಠ ಮಾಡಿಕೊಳ್ಳಿ, ದಿನಾ ಬೇಕಾಗುತ್ತದೆ.

ಇನ್ನು ನಮ್ಮ ‘ಇರು’ ದಾರಿ ತಪ್ಪಿಸುವ ಒಂದು ದೊಡ್ಡ ಜಾಗ. "ನಿನ್ನೆ ಮೈಸೂರಿಗೆ ಹೋಗಿದ್ದೆ" ಅನ್ನುತ್ತೇವೆ. ಅದನ್ನು ಹಾಗೇ ಇಂಗ್ಲಿಷಿಗೆ ಇಳಿಸಿ "ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ" ಅನ್ನುತ್ತೇವೆ. ಕರ್ನಾಟಕದಲ್ಲಿ ಮಾತ್ರವಲ್ಲ, ದೇಶದ ತುಂಬಾ ಈ ಇಂಗ್ಲಿಷ್ ಕೇಳುತ್ತದೆ. ಹೊರಗಿನವರಿಗೆ ‘ಹ್ಯಾಡ್ ಗಾನ್’ ಕೇಳಿದ ಕೂಡಲೇ "ಹೋಗಿದ್ದೆ, ಆಮೇಲೆ ಏನಾಯ್ತು?" ಅಂತ ಮುಂದಿನ ಮಾತಿಗೆ ಕಾಯುವ ಹಾಗಾಗುತ್ತದೆ. ಸುಮ್ನೆ ಹೋಗಿ ಬಂದದ್ದನ್ನು ಹೇಳಲು "ಐ ವೆಂಟ್ ಟು ಮೈಸೂರ್ ಯೆಸ್ಟರ್‌ಡೇ" ಸಾಕು. ಹಿಂದೆ ನಡೆದ ಎರಡು ಸಂಗತಿಯಲ್ಲಿ ಇದು ಇನ್ನೂ ಹಿಂದಿನದು ಅಂತ ತೋರಿಸಬೇಕಾದಾಗ ಮಾತ್ರ ‘ಹ್ಯಾಡ್’: "ವೆನ್ ಯು ಕಾಲ್ಡ್, ಐ ಹ್ಯಾಡ್ ಗಾನ್ ಟು ಮೈಸೂರ್." ಅಂದರೆ ‘ಬೇಕು’, ‘ಬಹುದು’ ಇಂಥ ಪದಕ್ಕಿಂತ ಮುಂಚೆ ಬರುವ ‘ಇರು’ವನ್ನು ನಂಬಿ. ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಂತ ‘ಇದ್ದೆ’ಯನ್ನು ಹಾಗೇ ನಂಬಬೇಡಿ.

ಹೆಜ್ಜೆ 7: ಅಭ್ಯಾಸ

ಪುಸ್ತಕದ ವಾಕ್ಯ ಹುಡುಕುವುದು ಬೇಡ. ಒಂದು ದಿನ ನಿಮ್ಮ ಮನೆಯ ಮಾತಿಗೆ ಕಿವಿ ಕೊಡಿ. ‘ಇರಬೇಕು, ಇರಬಹುದು, ಬೇಕಿತ್ತು, ಬಹುದಿತ್ತು, ಹಾಗಿದೆ’ ಇವು ಬಂದ ವಾಕ್ಯ ಬರೆದುಕೊಳ್ಳಿ. ಒಂದು ಹೊತ್ತಿನ ಊಟ ಮುಗಿಯುವಷ್ಟರಲ್ಲಿ ನಾಲ್ಕೈದು ಸಿಗುತ್ತವೆ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಇವು. ಇಂಗ್ಲಿಷಿಗೆ ನೀವೇ ಬದಲಿಸಿ, ಆಮೇಲೆ ಕೆಳಗೆ ನೋಡಿ.

"ಹಾಲು ಉಕ್ಕಿರಬೇಕು, ವಾಸನೆ ಬರ್ತಿದೆ." "ಸಾರಿಗೆ ಉಪ್ಪು ಹಾಕೋದು ಮರೆತ ಹಾಗಿದೆ." "ಅವರಿಗೆ ಒಂದು ಮಾತು ಹೇಳಬಹುದಿತ್ತು." "ಬೆಳಿಗ್ಗೆ ಮಗೂನ ಡಾಕ್ಟರ್ ಹತ್ರ ಕರ್ಕೊಂಡು ಹೋಗಬೇಕಾಯ್ತು." "ಅವನು ಬಸ್ ತಪ್ಪಿಸಿಕೊಂಡಿರಬಹುದು." "ಅಷ್ಟು ಜೋರಾಗಿ ಬೈಯಬಾರದಿತ್ತು."

ಮೊದಲನೆಯದು "ದಿ ಮಿಲ್ಕ್ ಮಸ್ಟ್ ಹ್ಯಾವ್ ಬಾಯ್ಲ್ಡ್ ಓವರ್." ಎರಡನೆಯದು "ಯು ಸೀಮ್ ಟು ಹ್ಯಾವ್ ಫರ್ಗಾಟನ್ ದಿ ಸಾಲ್ಟ್." ಮೂರನೆಯದು ತಪ್ಪಿಹೋದ ಅವಕಾಶ: "ಯು ಕುಡ್ ಹ್ಯಾವ್ ಟೋಲ್ಡ್ ದೆಮ್." ನಾಲ್ಕನೆಯದರಲ್ಲಿ ಕೆಲಸ ನಡೆದಿದೆ, ಹಾಗಾಗಿ ಈ ಪರ್ಫೆಕ್ಟ್ ಬೇಡ: "ಐ ಹ್ಯಾಡ್ ಟು ಟೇಕ್ ದಿ ಚೈಲ್ಡ್ ಟು ದಿ ಡಾಕ್ಟರ್." ಐದನೆಯದು "ಹಿ ಮೇ ಹ್ಯಾವ್ ಮಿಸ್ಡ್ ದಿ ಬಸ್." ಆರನೆಯದು "ಯು ಶುಡ್ನ್ಟ್ ಹ್ಯಾವ್ ಸ್ಕೋಲ್ಡೆಡ್ ಸೋ ಹಾರ್ಶ್ಲಿ." ಬೈದದ್ದು ನೀವೇ ಆಗಿದ್ದರೆ ‘ಯು’ ಜಾಗದಲ್ಲಿ ‘ಐ’.

ನಾಲ್ಕನೆಯದಕ್ಕೆ ‘ಶುಡ್ ಹ್ಯಾವ್’ ಬರೆದಿದ್ದರೆ ಮೂರನೇ ಹೆಜ್ಜೆಗೆ ಹೋಗಿ ಬ್ಯಾಂಕಿನ ಉದಾಹರಣೆ ಇನ್ನೊಮ್ಮೆ ಓದಿ.

ತಂಗಿ ಈಗ ಊಹೆಯನ್ನು ಊಹೆ ಅಂತಲೇ ಬರೆಯುತ್ತಾಳೆ. ಅದರ ಪಕ್ಕದಲ್ಲಿ ಕಣ್ಣಾರೆ ಕಂಡದ್ದನ್ನೂ ಸೇರಿಸುತ್ತಾಳೆ. ಮೊನ್ನೆ ನನಗೆ ಓದಿ ಹೇಳಿದ ಅವಳ ಟಿಪ್ಪಣಿ ಹೀಗಿತ್ತು: "ಒನ್ ಟ್ಯಾಬ್ಲೆಟ್ ಮಿಸ್ಸಿಂಗ್ ಫ್ರಮ್ ದಿ ಸ್ಟ್ರಿಪ್. ಪೇಷಂಟ್ ಸೇಸ್ ಶೀ ಹ್ಯಾಸ್ ಟೇಕನ್ ಇಟ್. ನಾಟ್ ಗಿವನ್ ಬೈ ಮಿ. ಪ್ಲೀಸ್ ಆಸ್ಕ್ ಡಾಕ್ಟರ್ ಬಿಫೋರ್ ಗಿವಿಂಗ್ ಎನಿ ಮೋರ್."